ಅಜ್ಜ ಕಾಂಗೋದಿಂದ ತಂದ ಕೊಡಲಿ: ಇದು ಯಾರದ್ದು, ಅಸಲಿಯಾ?

ಅಟ್ಟದಪೆಟ್ಟಿಗೆ
ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರದವನು. ಹೋದ ತಿಂಗಳು ಹಳೇ ಮನೆಯ ಹೆಂಚು ಇಳಿಸುವಾಗ ಅಟ್ಟದ ಮೇಲೆ ಅಜ್ಜನ ಟ್ರಂಕ್ ಸಿಕ್ಕಿತು. ಅಜ್ಜ ವಾಯುಪಡೆಯಲ್ಲಿ ಫಿಟ್ಟರ್ ಆಗಿದ್ದರು. 1961ರಲ್ಲಿ ವಿಶ್ವಸಂಸ್ಥೆಯ ಕೆಲಸದ ಮೇಲೆ ಕಾಂಗೋಗೆ ಹೋಗಿ ಬಂದವರು. ಟ್ರಂಕಿನಲ್ಲಿ ಯೂನಿಫಾರ್ಮ್, ಒಂದಷ್ಟು ಕಾಗದ, ಕಂಬಳಿಯಲ್ಲಿ ಸುತ್ತಿಟ್ಟ ಒಂದು ಕೊಡಲಿ ಇತ್ತು.

ಕೊಡಲಿ ಅಂದರೆ ನಮ್ಮ ಸೌದೆ ಕೊಡಲಿ ತರ ಅಲ್ಲ. ಒಟ್ಟು ಉದ್ದ 43 ಸೆಂಟಿಮೀಟರ್. ಹಿಡಿ ಮರದ್ದು, ಅದರ ಮೇಲೆ ಪೂರ್ತಿ ತಾಮ್ರದ ತಗಡು ಸುತ್ತಿದ್ದಾರೆ. ಅಲಗು ಬೀಸಣಿಗೆ ತರ ಅಗಲ. ಆದರೆ ಹಿಡಿಗೂ ಅಲಗಿಗೂ ಮಧ್ಯೆ ಗಟ್ಟಿ ಕಬ್ಬಿಣ ಇಲ್ಲ, ಐದು ಕಬ್ಬಿಣದ ಎಳೆಗಳಿವೆ. ಎರಡು ಎಳೆ ಹುರಿ ಹಾಕಿದ ಹಾಗೆ ತಿರುಚಿದೆ. ಉಳಿದ ಮೂರರ ಮೇಲೆ ಹುಣಸೆಬೀಜದಷ್ಟು ದೊಡ್ಡ ಮನುಷ್ಯರ ಮುಖಗಳು! ಕಣ್ಣು, ಮೂಗು, ಬಾಯಿ ಎಲ್ಲ ಇದೆ. ಒಂದು ಬದಿಯಲ್ಲಿ 9, ಇನ್ನೊಂದು ಬದಿಯಲ್ಲೂ 9. ಎಡಗಡೆ ಮೂರನೇ ಮುಖ ಮಾತ್ರ ಸ್ವಲ್ಪ ಸೊಟ್ಟ, ಒಂದು ಕಣ್ಣು ಮೇಲೆ ಹೋಗಿದೆ.

ನನ್ನ ದೊಡ್ಡಪ್ಪನ ಮಗ ಇದು ತಲೆ ಕಡಿಯುವ ಕೊಡಲಿ, ಕಡಿದ ತಲೆಗಳ ಲೆಕ್ಕಕ್ಕೆ ಮುಖ ಮಾಡಿದ್ದಾರೆ, ಮನೆಯಲ್ಲಿ ಇಡಬೇಡ ಅಂತ ಹಟ ಹಿಡಿದಿದ್ದಾನೆ. ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಯವರೊಬ್ಬರು ಫೋಟೋ ನೋಡಿ "ಇದು ಟೂರಿಸ್ಟ್ ಮಾಲು, 8 ಸಾವಿರ ಕೊಡ್ತೀನಿ" ಅಂದರು. ಅಮ್ಮ ಆಯುಧಪೂಜೆಗೆ ಇಡೋಣ ಅಂತ ಹಿಡಿಯ ಅರ್ಧ ಭಾಗವನ್ನು ಹುಣಸೆಹಣ್ಣು ಹಾಕಿ ತಿಕ್ಕಿಬಿಟ್ಟಿದ್ದಾರೆ. ಈಗ ಅರ್ಧ ಹೊಳೆಯುತ್ತಿದೆ, ಅರ್ಧ ಕಂದು.

ಇದು ಏನು? ಯಾರು ಮಾಡಿದ್ದು? ಅಸಲಿಯಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಸುಮ್ನೆಓದುವವ
ಮೊದಲು ಮಾರಬೇಡಿ. ಮಿಕ್ಕಿದ್ದು ಆಮೇಲೆ ಮಾತಾಡೋಣ.

ಮಲೆನಾಡಹುಡುಗಿ
ಅಮ್ಮನಿಗೆ ಬೈಯಬೇಡಿ ಅಣ್ಣ, ನಮ್ಮ ಮನೆಯಲ್ಲಿ ಆಗಿದ್ದರೂ ಇದೇ ಆಗುತ್ತಿತ್ತು. ತಾಮ್ರ ಕಂಡರೆ ಹುಣಸೆಹಣ್ಣು ನೆನಪಾಗುತ್ತೆ.

ಹಳೇಕಬ್ಬಿಣ
ಫೋಟೋ ನೋಡಿದ ತಕ್ಷಣ ಎದ್ದು ಕೂತೆ. ಇದು ಸೊಂಗ್ಯೆ ಕೊಡಲಿ. ಸೊಂಗ್ಯೆ ಅನ್ನೋದು ಕಾಂಗೋದ ಕಸಾಯಿ ಕಡೆಯ ಜನ. ಅವರಲ್ಲೇ ನ್ಸಾಪೊ ಅನ್ನುವ ಒಂದು ಗುಂಪಿದೆ, ಸಂಗ್ರಹ ಮಾಡುವವರು "ಜಾಪೊ ಜಾಪ್" ಅನ್ನುತ್ತಾರೆ. ಹಿಡಿಗೆ ತಾಮ್ರ, ಎಳೆ ಎಳೆ ಕಬ್ಬಿಣ, ಎಳೆ ಮೇಲೆ ಮುಖ. ಈ ಮೂರು ಒಟ್ಟಿಗೆ ಇದ್ದರೆ ಬೇರೆ ಯಾರದ್ದೋ ಅನ್ನೋಕೆ ಕಾರಣವೇ ಇಲ್ಲ.

ತಲೆ ಕಡಿಯುವ ಕಥೆ ಬಿಡಿ. ಆ ತೆಳು ಎಳೆಗಳನ್ನು ನೋಡಿ. ಗಟ್ಟಿ ಮರಕ್ಕೆ ನಾಲ್ಕು ಏಟು ಹಾಕಿದರೆ ಬಾಗಿಹೋಗುತ್ತೆ. ಇದು ಊರಿನ ಮುಖ್ಯಸ್ಥ ಹೆಗಲ ಮೇಲೆ ಇಟ್ಟುಕೊಂಡು ಸಭೆಗೆ ಬರುವ ಕೊಡಲಿ. ತಾಮ್ರ ಅಲ್ಲಿ ಸುಲಭಕ್ಕೆ ಸಿಗುವ ವಸ್ತು ಆಗಿರಲಿಲ್ಲ, ಕಟಂಗಾ ಕಡೆಯ ಗಣಿಯಿಂದ ಬರಬೇಕಿತ್ತು. ಹಿಡಿಗೆ ಪೂರ್ತಿ ತಾಮ್ರ ಸುತ್ತಿಸಿದ್ದಾನೆ ಅಂದರೆ ಅವನ ಅಂತಸ್ತು ಊರಿಗೆಲ್ಲ ಕಾಣುತ್ತಿತ್ತು.

ಆದರೆ ಅಸಲಿಯಾ ಅನ್ನೋದಕ್ಕೆ ಫೋಟೋ ಸಾಲದು. ಇಷ್ಟು ಅಳತೆ ಬೇಕು: ಅಲಗಿನ ದಪ್ಪ ಬುಡದಲ್ಲಿ, ಮಧ್ಯದಲ್ಲಿ, ಅಂಚಿನಲ್ಲಿ. ಎಳೆಗಳು ಅಲಗಿಗೆ ಸೇರುವ ಜಾಗದ ಹತ್ತಿರದ ಫೋಟೋ. ಹಿಡಿಯ ತಲೆಯ ಹಿಂಬದಿ. ತಾಮ್ರದ ತಗಡು ಸೇರುವ ಅಂಚು ಮತ್ತು ಮೊಳೆಗಳು.

ಕಾವೇರಿತೀರ
ಹಳೇಕಬ್ಬಿಣ ಸರ್, ಸ್ವಲ್ಪ ನಿಧಾನ. ಆಫ್ರಿಕಾದಲ್ಲಿ ತಲೆ ಕಡಿಯುವ ಕತ್ತಿ ಇತ್ತು ಅಂತ ನಾನೂ ಓದಿದ್ದೇನೆ. ಕೊಕ್ಕೆ ತರ ಬಾಗಿದ ದೊಡ್ಡ ಕತ್ತಿ. ಹರಾಜಿನ ಪಟ್ಟಿಗಳಲ್ಲಿ ಹಾಗೇ ಬರೆದಿರುತ್ತಾರೆ.

ಹಳೇಕಬ್ಬಿಣ
ನೀವು ಹೇಳುತ್ತಿರುವುದು ನ್ಗುಲು. ಕಾಂಗೋ ನದಿಯ ದೊಡ್ಡ ತಿರುವಿನ ಕಡೆ ಇರುವ ನ್ಗೊಂಬೆ ಮತ್ತು ಅಕ್ಕಪಕ್ಕದ ಜನರದ್ದು. 1880ರ ದಶಕದಲ್ಲಿ ನದಿ ಮೇಲೆ ಹೋದ ಯುರೋಪಿನವರು ಮರ ಬಾಗಿಸಿ ತಲೆ ಕಟ್ಟಿ ಕಡಿಯುವ ಚಿತ್ರಗಳನ್ನು ಅಚ್ಚು ಹಾಕಿಸಿದರು. ಅಲ್ಲಿಂದ ಆ ಆಕಾರದ ಕತ್ತಿಗೆಲ್ಲ ಒಂದೇ ಹೆಸರು ಅಂಟಿಕೊಂಡಿತು. ಆ ಕತ್ತಿ ಮುಖ್ಯಸ್ಥರ ಗೌರವದ ಗುರುತಾಗಿಯೂ ಇತ್ತು, ಕುಣಿತದಲ್ಲಿ ಹಿಡಿಯುವುದಕ್ಕೂ ಇತ್ತು. ಪಟ್ಟಿಯಲ್ಲಿ "ತಲೆ ಕಡಿಯುವ ಕತ್ತಿ" ಅಂತ ಬರೆದರೆ ಬೆಲೆ ಏರುತ್ತೆ. ಅದಕ್ಕೇ ಆ ಹೆಸರು ಇನ್ನೂ ಹೋಗಿಲ್ಲ. ನನಗೆ ಇದರ ಬಗ್ಗೆ ನಿಜಕ್ಕೂ ಸಿಟ್ಟಿದೆ. ಒಂದು ಜನರ ಅತ್ಯುತ್ತಮ ಕಮ್ಮಾರಿಕೆಯನ್ನು ಕೊಲೆಗಾರರ ಸಾಮಾನು ಅಂತ ಮಾರುತ್ತಾರೆ.

ಕಾವೇರಿತೀರ
ಸರಿ, ಒಪ್ಪಿದೆ. ನಾನು ಕೊಡಗಿನವನು, ಈಗ ಹೊಳೆಯುತ್ತಿದೆ ಇದು ನಮಗೆ ಯಾಕೆ ಅರ್ಥ ಆಗಬೇಕು ಅಂತ. ನಮ್ಮ ಒಡಿಕತ್ತಿ ಒಂದು ಕಾಲಕ್ಕೆ ಯುದ್ಧದ ಕತ್ತಿ. ಈಗ ಮದುವೆಯಲ್ಲಿ ಬಾಳೆ ಕಡಿಯುವುದಕ್ಕೆ ಹೊರಗೆ ಬರುತ್ತೆ, ಕೈಲ್ ಪೊಳ್ದ್‌ನಲ್ಲಿ ಪೂಜೆಗೆ ಕೂರುತ್ತೆ. ನಮ್ಮ ಮದುವೆ ಫೋಟೋ ನೋಡಿ ಹೊರಗಿನವರು "ಕಡಿಯುವವರು" ಅಂತ ಬರೆದರೆ ನಮಗೆ ಹೇಗಾಗುತ್ತೆ? ನಮ್ಮ ತಾತ ಪೀಚೆಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿದ ಮೇಲೆ ಮಾತಾಡುವ ಧಾಟಿಯೇ ಬದಲಾಗುತ್ತಿತ್ತು, ನೆಟ್ಟಗೆ ನಿಲ್ಲುತ್ತಿದ್ದರು.

ಬ್ರಸೆಲ್ಸ್‌ಕನ್ನಡತಿ
ನಾನಿರುವ ಊರಿನ ಪಕ್ಕದಲ್ಲೇ ಟೆರ್ವುರೆನ್. ಅಲ್ಲಿ ಮಧ್ಯ ಆಫ್ರಿಕಾದ ದೊಡ್ಡ ಮ್ಯೂಸಿಯಂ ಇದೆ, ದುರಸ್ತಿ ಆಗಿ 2018ರ ಡಿಸೆಂಬರ್‌ನಲ್ಲಿ ಮತ್ತೆ ತೆರೆಯಿತು. ಅಲ್ಲಿನ ಕತ್ತಿಗಳ ಮುಂದೆ ನಾನು ತುಂಬ ಹೊತ್ತು ನಿಂತಿದ್ದೇನೆ. ಗುರುತು ಹಿಡಿಯುವುದು ಕಲಿಯಬೇಕು ಅಂದರೆ ಆಕಾರದಿಂದ ಶುರು ಮಾಡಿ ಅಂತ ನಾನು ಹೇಳುತ್ತೇನೆ.

ಗಾಬೊನ್‌ನ ಕೋಟಾ ಜನರ ಚಾಕು ಒಂದಿದೆ, ಮುಸೆಲೆ. ಪಕ್ಕದಿಂದ ನೋಡಿದರೆ ಥೇಟ್ ಮಂಗಟ್ಟೆ ಹಕ್ಕಿಯ ತಲೆ. ಅದೇ ಉದ್ದ ಕೊಕ್ಕು, ಕಣ್ಣಿರುವ ಜಾಗದಲ್ಲಿ ಮೂರು ಮೂಲೆಯ ತೂತು. ಒಮ್ಮೆ ನೋಡಿದರೆ ಮರೆಯುವ ಹಾಗಿಲ್ಲ. ಉತ್ತರ ಕಾಂಗೋದ ಮಂಗ್ಬೆಟು ಜನರದ್ದು ಕುಡುಗೋಲು ತರ ಬಾಗಿರುತ್ತೆ, ಅಲಗಿನಲ್ಲಿ ಸಣ್ಣ ತೂತುಗಳಿರುತ್ತವೆ. 1870ರಲ್ಲಿ ಜರ್ಮನಿಯ ಶ್ವೈನ್‌ಫುರ್ಟ್ ಅವರ ರಾಜ ಮುಂಜನ ಆಸ್ಥಾನಕ್ಕೆ ಹೋಗಿದ್ದ. ಅವನು ಬಿಡಿಸಿದ ಚಿತ್ರದಲ್ಲಿ ರಾಜ ಅಂಥದ್ದೇ ಕತ್ತಿ ಹಿಡಿದು ಕೂತಿದ್ದಾನೆ.

ಕೂಬಾ ಜನರ ಇಕುಲ್ ನನಗೆ ಎಲ್ಲಕ್ಕಿಂತ ಇಷ್ಟ. ಎಲೆ ಆಕಾರದ ಅಲಗು, ಹಿಡಿಯ ಕೊನೆಯಲ್ಲಿ ದುಂಡು ಗುಂಡು. 17ನೇ ಶತಮಾನದಲ್ಲಿ ಶ್ಯಾಮ್ ಅನ್ನುವ ರಾಜ ಎಸೆಯುವ ಚಾಕು ಬಿಡಿಸಿ, ಬದಲಿಗೆ ಈ ಇಕುಲ್ ಕಟ್ಟಿಕೊಳ್ಳಿ ಅಂದನಂತೆ, ಹಾಗಂತ ಅಲ್ಲಿನವರ ಬಾಯಿಮಾತು. ಅದನ್ನು ಶಾಂತಿಯ ಚಾಕು ಅನ್ನುತ್ತಾರೆ. ಮರದಲ್ಲೇ ಪೂರ್ತಿ ಕೆತ್ತಿದ ಇಕುಲ್‌ಗಳೂ ಇವೆ!

ಸುಮ್ನೆಓದುವವ
ರಾಜನ ಹೆಸರು ಶ್ಯಾಮನಾ? ನಮ್ಮ ಶ್ಯಾಮನಿಗೂ ಅವರಿಗೂ ಏನಾದರೂ ನಂಟಿದೆಯಾ?

ಬ್ರಸೆಲ್ಸ್‌ಕನ್ನಡತಿ
ಇಲ್ಲ ಇಲ್ಲ, ಸುಮ್ನೆ ಹೆಸರು ಕಿವಿಗೆ ಹಾಗೆ ಕೇಳುತ್ತೆ. ಪೂರ್ತಿ ಹೆಸರು ಶ್ಯಾಮ್ ಅ-ಂಬುಲ್ ಅ-ನ್ಗೂಂಗ್. ಅವರ ಭಾಷೆಯೇ ಬೇರೆ.

ದಾಂಡೇಲಿರಸ್ತೆ
ಇಷ್ಟೆಲ್ಲ ಯಾಕೆ, ನಮ್ಮ ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿಗಳಿದ್ದಾರಲ್ಲ. ಅವರಿಗೆ ತೋರಿಸಿದರೆ ಹೇಳುತ್ತಾರೆ.

ಯಲ್ಲಾಪುರದವ
ನಾನು ಸಿದ್ದಿ ಸಮುದಾಯದವನೇ. ಬೇಜಾರಿಲ್ಲದೆ ಹೇಳುತ್ತೇನೆ, ಈ ಮಾತು ನಾವು ಜಾಸ್ತಿ ಕೇಳಿದ್ದೇವೆ. ನಮ್ಮ ಹಿರಿಯರಲ್ಲಿ ತುಂಬ ಜನರನ್ನು ಪೋರ್ಚುಗೀಸರು ಹಡಗಿನಲ್ಲಿ ಗೋವಾಗೆ ತಂದರು, ಅದೂ ಹೆಚ್ಚಾಗಿ ಪೂರ್ವ ಆಫ್ರಿಕಾದ ಕಡೆಯಿಂದ. ಕಸಾಯಿ ಅಲ್ಲಿಂದ ಎಷ್ಟು ದೂರ ಅಂತ ನಕ್ಷೆ ನೋಡಿ. ನಾವು ಇಲ್ಲೇ ಹುಟ್ಟಿ, ಕನ್ನಡ, ಕೊಂಕಣಿ ಮಾತಾಡಿಕೊಂಡು ಬೆಳೆದವರು. ನನಗೆ ಈ ಕೊಡಲಿ ನಿಮ್ಮಷ್ಟೇ ಹೊಸದು. ಹಾಗಂತ ಆಸಕ್ತಿ ಇಲ್ಲ ಅಂತಲ್ಲ. ಆ ಮುಖಗಳ ಫೋಟೋ ದೊಡ್ಡದು ಮಾಡಿ ನೋಡುತ್ತಾ ಕೂತಿದ್ದೇನೆ. ಎಷ್ಟು ಸಣ್ಣ ಜಾಗದಲ್ಲಿ ಎಷ್ಟು ಗಂಭೀರ ಮುಖ!

ದಾಂಡೇಲಿರಸ್ತೆ
ತಪ್ಪಾಯಿತು ಅಣ್ಣ. ಯೋಚನೆ ಮಾಡದೆ ಬರೆದೆ.

ಅಟ್ಟದಪೆಟ್ಟಿಗೆ
ಅಳತೆ ತಗೊಂಡೆ. ಪಕ್ಕದ ಗ್ಯಾರೇಜಿನಿಂದ ವರ್ನಿಯರ್ ಇಸ್ಕೊಂಡು ಬಂದೆ. ಎಳೆಗಳು ಅಲಗಿಗೆ ಸೇರುವಲ್ಲಿ ದಪ್ಪ 5.1 ಮಿಲಿಮೀಟರ್. ಅಲಗಿನ ಮಧ್ಯೆ 3.4. ಅಂಚಿನ ಹತ್ತಿರ 1.2. ಅದೂ ಎಲ್ಲ ಕಡೆ ಒಂದೇ ಇಲ್ಲ, ಎಡಕ್ಕೆ ಸ್ವಲ್ಪ ಜಾಸ್ತಿ. ಐದು ಎಳೆಗಳೂ ಒಂದೊಂದು ದಪ್ಪ. ಹಿಡಿಯ ತಲೆಯ ಹಿಂದೆ ಕಬ್ಬಿಣದ ಚೂಪು ತುದಿ ಹೊರಗೆ ಬಂದಿದೆ. ವೆಲ್ಡಿಂಗ್ ಗುರುತು ಎಲ್ಲೂ ಕಾಣಲಿಲ್ಲ. ತಾಮ್ರದ ತಗಡು ಒಂದರ ಮೇಲೊಂದು ಹತ್ತಿಸಿ ಸಣ್ಣ ಸಣ್ಣ ಮೊಳೆ ಹೊಡೆದಿದ್ದಾರೆ, ಮೊಳೆಗಳ ತಲೆ ಒಂದರ ಹಾಗೆ ಒಂದಿಲ್ಲ.

ಹಳೇಕಬ್ಬಿಣ
ಇದಕ್ಕೇ ಕಾಯುತ್ತಿದ್ದೆ. ಅಂಗಡಿಯವರ ಮಾತು ಇಲ್ಲಿಗೆ ಮುಗಿಯಿತು.

ಮಾರುಕಟ್ಟೆಯ ಅಗ್ಗದ ನಕಲು ಹೇಗಿರುತ್ತೆ ಅಂದರೆ, ಕಾರ್ಖಾನೆಯ ತಗಡನ್ನು ತಂದು ಆಕಾರಕ್ಕೆ ಕತ್ತರಿಸಿರುತ್ತಾರೆ. ಎಲ್ಲಿ ಅಳೆದರೂ ಒಂದೇ ದಪ್ಪ. ತೂತುಗಳ ಅಂಚು ಚೌಕವಾಗಿ, ಹರಿತವಾಗಿ ಇರುತ್ತೆ. ಬೆರಳಾಡಿಸಿದರೆ ಗ್ರೈಂಡರ್ ಗೆರೆ ಸಿಗುತ್ತೆ. ಕುಲುಮೆಯಲ್ಲಿ ಬಡಿದ ಅಲಗು ಬುಡದಲ್ಲಿ ದಪ್ಪ ಇದ್ದು ಅಂಚಿಗೆ ಹೋಗುತ್ತಾ ಕರಗುತ್ತೆ, ಸುತ್ತಿಗೆ ಬಿದ್ದ ತಗ್ಗುಗಳು ಓರೆ ಬೆಳಕಿನಲ್ಲಿ ಕಾಣುತ್ತವೆ. ಮಧ್ಯ ಆಫ್ರಿಕಾದ ಎಷ್ಟೋ ಚಾಕುಗಳಲ್ಲಿ ಇನ್ನೊಂದು ಗುರುತಿದೆ: ನಡುವಿನ ಏಣಿನ ಒಂದು ಪಕ್ಕ ಒಂದು ಮೈಯಲ್ಲಿ ಮಾತ್ರ ತಗ್ಗು, ಇನ್ನೊಂದು ಪಕ್ಕ ಹಿಂದಿನ ಮೈಯಲ್ಲಿ ಮಾತ್ರ ತಗ್ಗು. ತಗಡು ಕತ್ತರಿಸುವವನು ಆ ತಂಟೆಗೇ ಹೋಗುವುದಿಲ್ಲ.

ತುಕ್ಕಿಗೆ ಮರುಳಾಗಬೇಡಿ, ಇದು ಎಲ್ಲರಿಗೂ ಹೇಳುವ ಮಾತು. ಉಪ್ಪುನೀರು, ಆಸಿಡ್ ಹಾಕಿ ಹೂತಿಟ್ಟರೆ ಸ್ವಲ್ಪ ದಿನಕ್ಕೇ ಕೆಂಪು ತುಕ್ಕು ಬರುತ್ತೆ. ಜೋಪಾನವಾಗಿ ಇಟ್ಟಿದ್ದ ಗೌರವದ ಆಯುಧ ಕಪ್ಪುಕಂದು ಇರುತ್ತೆ, ನಯವಾಗಿರುತ್ತೆ, ಕೈ ತಾಗಿ ತಾಗಿ ಹಿಡಿ ಸವೆದಿರುತ್ತೆ. ನಿಮ್ಮ ಕೊಡಲಿಯಲ್ಲಿ ತಾಮ್ರದ ಮೊಳೆಗಳ ತಲೆ ಹಿಡಿಯ ಕೆಳಭಾಗದಲ್ಲಿ ಚಪ್ಪಟೆ ಸವೆದಿದೆ, ಮೇಲ್ಭಾಗದಲ್ಲಿ ಇಲ್ಲ. ಯಾರೋ ಅದನ್ನು ಹಿಡಿದು ನಡೆದಾಡಿದ್ದಾರೆ.

ಕುಲುಮೆಮನೆ
ನಾನು ಕಮ್ಮಾರ. ಚಿಂತಾಮಣಿ ಹತ್ತಿರ ನಮ್ಮ ಸಾಲೆ. ಆಫ್ರಿಕಾ ಬಗ್ಗೆ ನನಗೆ ಗೊತ್ತಿಲ್ಲ, ಕಬ್ಬಿಣ ಗೊತ್ತು. ಆ ಹತ್ತಿರದ ಫೋಟೋ ನೋಡಿ ಒಂದು ಮಾತು ಹೇಳಲೇಬೇಕು ಅನ್ನಿಸಿತು. ಆ ಐದು ಎಳೆಗಳು ಬೇರೆ ಬೇರೆ ಕಂಬಿ ತಂದು ಅಂಟಿಸಿದ್ದಲ್ಲ. ಒಂದೇ ಗಟ್ಟಿ ಕಬ್ಬಿಣವನ್ನು ಕೆಂಪಗೆ ಕಾಯಿಸಿ, ಉಳಿ ಇಟ್ಟು ಸೀಳಿ, ಸೀಳಿದ್ದನ್ನು ಬಿಡಿಸಿದ್ದು. ಸೀಳು ಶುರುವಾಗುವ ಮೂಲೆ ನೋಡಿ, ಅಲ್ಲಿ ಉಳಿಯ ಬಾಯಿಯ ಗುರುತು ಹಾಗೇ ಇದೆ. ಸೀಳುವಾಗ ಕೂದಲೆಳೆ ಆಚೀಚೆ ಆದರೆ ಇಡೀ ತುಂಡು ಗುಜರಿಗೆ. ಮಾಡಿದವನು ಯಾರೋ ಗೊತ್ತಿಲ್ಲ, ದೊಡ್ಡ ಕೈ.

ನಾಣ್ಯಸಂಗ್ರಹ
ನಾನು ನಾಣ್ಯದ ಕಡೆಯಿಂದ ಒಂದು ಸೇರಿಸುತ್ತೇನೆ. ಆಯುಧದ ಹಾಗೆ ಕಂಡಿದ್ದೆಲ್ಲ ಆಯುಧ ಅಲ್ಲ, ಎಷ್ಟೋ ಸಲ ಅದು ದುಡ್ಡು. ಕಾಂಗೋದ ಕಿಸಂಗಾನಿ ಕಡೆಯ ಲೊಕೆಲೆ ಜನರ ಭರ್ಜಿ ಅಲಗುಗಳು ಮನುಷ್ಯನಷ್ಟು ಎತ್ತರ ಇರುತ್ತವೆ. ಅದನ್ನು ಯಾರು ಎಸೆಯುತ್ತಾರೆ? ಅದು ತೆರ, ಹೆಣ್ಣಿನ ಮನೆಯವರಿಗೆ ಕೊಡುವುದು. ಪಶ್ಚಿಮದಲ್ಲಿ ಲೈಬೀರಿಯಾ, ಸಿಯೆರಾ ಲಿಯೋನ್, ಗಿನಿ ಸೇರುವ ಕಡೆ ಕಿಸ್ಸಿ ಜನರ ತಿರುಚಿದ ಕಬ್ಬಿಣದ ಕಂಬಿ ಇತ್ತು. ಒಂದು ತುದಿಗೆ ಕಿವಿ, ಇನ್ನೊಂದು ತುದಿಗೆ ಕಾಲು ಅಂತ ಹೆಸರು. ಮುರಿದರೆ ಅದರ ಜೀವ ಹೋಯಿತು ಅಂತ ಲೆಕ್ಕ, ಪೂಜೆ ಮಾಡಿಸಿ ಜೋಡಿಸಿದ ಮೇಲೇ ಮತ್ತೆ ಚಲಾವಣೆಗೆ!

ಕಟಂಗಾದ ತಾಮ್ರದ ಕ್ರಾಸ್ ಇನ್ನೊಂದು. ಅಜ್ಜ ಅಲ್ಲಿದ್ದ ಸಮಯದಲ್ಲೇ ಬೇರೆ ದೇಶ ಅಂತ ಘೋಷಿಸಿಕೊಂಡಿದ್ದ ಕಟಂಗಾದ ಬಾವುಟದ ಮೇಲೆ ಅಂಥ ಮೂರು ಕ್ರಾಸ್ ಇದ್ದವು. ಟ್ರಂಕಿನ ತಳದಲ್ಲಿ ಗುಣಿಸು ಗುರುತಿನ ಆಕಾರದ ತಾಮ್ರದ ತುಂಡು ಇದೆಯಾ, ಮತ್ತೊಮ್ಮೆ ನೋಡಿ.

ಅಕ್ರಾದಿಂದ
ಘಾನಾದಲ್ಲಿ 11 ವರ್ಷದಿಂದ ಇದ್ದೇನೆ, ಊರು ಹಾವೇರಿ. ಇಲ್ಲಿನ ಅಸಾಂಟೆ ರಾಜರ ಕತ್ತಿಗೆ ಅಫೆನಾ ಅನ್ನುತ್ತಾರೆ. ಹಿಡಿ ಎರಡು ದೊಡ್ಡ ಗುಂಡು ಜೋಡಿಸಿದ ಹಾಗೆ, ಮರದ್ದು, ಮೇಲೆ ಚಿನ್ನದ ರೇಕು. ಅಲಗು ಮೊಂಡು. ಹರಿತ ಮಾಡುವುದೇ ಇಲ್ಲ, ಯಾಕಂದರೆ ಅದು ಮಾತು ಕೊಡುವ ಕತ್ತಿ. ಅಸಾಂಟೆಹೆನೆ, ಅಂದರೆ ಅಸಾಂಟೆ ರಾಜ, ಪಟ್ಟಕ್ಕೆ ಬರುವಾಗ ಂಪೊಂಪೊನ್ಸುವೊ ಅನ್ನುವ ಕತ್ತಿ ಹಿಡಿದು ಪ್ರಮಾಣ ಮಾಡುತ್ತಾರೆ.

1874ರಲ್ಲಿ ಬ್ರಿಟಿಷರು ಅಸಾಂಟೆ ರಾಜಧಾನಿ ಕುಮಾಸಿಯನ್ನು ಸುಟ್ಟು ಅರಮನೆ ದೋಚಿದರು. ಹೀಗೆ ಬೇರೆ ಬೇರೆ ಕಾಲಕ್ಕೆ ಲಂಡನ್ ಸೇರಿದ ಅಸಾಂಟೆ ವಸ್ತುಗಳಲ್ಲಿ 32 ವಸ್ತುಗಳು 2024ರಲ್ಲಿ ಕುಮಾಸಿಯ ಮನ್ಹಿಯಾ ಅರಮನೆ ಮ್ಯೂಸಿಯಂಗೆ ಬಂದವು. ಬಂದಿದ್ದು ಸಾಲವಾಗಿ! ನಾನು ಹೋಗಿದ್ದೆ. ನನ್ನ ಮುಂದೆ ಒಬ್ಬ ಅಜ್ಜಿ ಗಾಜಿಗೆ ಅಂಗೈ ಒತ್ತಿ ನಿಂತಿದ್ದರು. ಕಾವಲಿನವನು ಗಾಜು ಮುಟ್ಟಬೇಡಿ ಅಂತ ಎಲ್ಲರಿಗೂ ಹೇಳುತ್ತಿದ್ದ, ಅವರಿಗೆ ಮಾತ್ರ ಹೇಳಲಿಲ್ಲ. ಸಂಗ್ರಹ ಮಾಡುವವರು ಇದನ್ನು ತಲೆಯಲ್ಲಿ ಇಟ್ಟುಕೊಳ್ಳಬೇಕು ಅಂತ ನನ್ನ ಅಭಿಪ್ರಾಯ. ಕೊಂಡಿದ್ದು ಎಲ್ಲಿಂದ ಬಂತು ಅಂತ ಕೇಳದೆ ಕೊಳ್ಳಬಾರದು.

ಹಳೇಕಬ್ಬಿಣ
ಪೂರ್ತಿ ಒಪ್ಪುತ್ತೇನೆ. ಈಗಿನ ನೈಜೀರಿಯಾದಲ್ಲಿರುವ ಬೆನಿನ್ ಕಥೆಯೂ ಅದೇ. 1897ರಲ್ಲಿ ಬ್ರಿಟಿಷ್ ಸೈನ್ಯ ಬೆನಿನ್ ನಗರಕ್ಕೆ ನುಗ್ಗಿ ಸಾವಿರಾರು ವಸ್ತು ಹೊತ್ತೊಯ್ದಿತು. ಅಲ್ಲಿನ ಎಬೆನ್ ಅನ್ನುವ ಎಲೆ ಆಕಾರದ ಕತ್ತಿಯನ್ನು ದೊಡ್ಡ ದೊಡ್ಡ ಪದವಿಯವರು ರಾಜನ ಮುಂದೆ ತಿರುಗಿಸುತ್ತಾ ಕುಣಿಯುತ್ತಾರೆ, ಇವತ್ತಿಗೂ. ಆ ಊರಿನ ಇಗುನ್ ಬೀದಿಯಲ್ಲಿ ಎರಕ ಹೊಯ್ಯುವ ಮನೆತನಗಳು ಈಗಲೂ ಕೆಲಸ ಮಾಡುತ್ತಿವೆ. ಹೊಸದನ್ನು ಹೊಸದು ಅಂತಲೇ ಹೇಳಿ ಕೊಡುತ್ತಾರೆ. ಸಂಗ್ರಹ ಶುರು ಮಾಡುವ ಹುಡುಗರಿಗೆ ನಾನು ಮೊದಲು ಅಂಥದ್ದನ್ನೇ ಕೊಳ್ಳಿ ಅನ್ನುತ್ತೇನೆ.

ಕಾವೇರಿತೀರ
ಹಾಗಾದರೆ ಈ ಕೊಡಲಿಯನ್ನೂ ವಾಪಸ್ ಕೊಡಬೇಕಾ? ಅಜ್ಜ ದೋಚಿಲ್ಲವಲ್ಲ.

ಅಕ್ರಾದಿಂದ
ಹಾಗೆ ನಾನು ಹೇಳಿಲ್ಲ. ಹೇಗೆ ಬಂತು ಅಂತ ಮೊದಲು ಗೊತ್ತಾಗಲಿ. ಕೊಂಡರಾ, ಯಾರಾದರೂ ಕೊಟ್ಟರಾ?

ಬ್ರಸೆಲ್ಸ್‌ಕನ್ನಡತಿ
ನ್ಸಾಪೊ ಅಂದಾಗ ಒಂದು ಕಷ್ಟದ ವಿಷಯವನ್ನೂ ಹೇಳಬೇಕು. ಕಾಂಗೋ ಬೆಲ್ಜಿಯಂನ ರಾಜ ಲಿಯೊಪೋಲ್ಡ್‌ನ ಕೈಯಲ್ಲಿದ್ದ ಕಾಲದಲ್ಲಿ ರಬ್ಬರ್ ತೆರಿಗೆ ವಸೂಲಿಗೆ ಇದೇ ಜಾಪೊ ಜಾಪ್ ಪಡೆಗಳನ್ನು ಬಳಸಿಕೊಂಡರು. 1899ರಲ್ಲಿ ವಿಲಿಯಂ ಶೆಪರ್ಡ್ ಅನ್ನುವ ಕಪ್ಪು ಅಮೆರಿಕನ್ ಮಿಷನರಿ ಅವರ ಶಿಬಿರಕ್ಕೆ ಹೋಗಿ, ಬೆಂಕಿಯ ಮೇಲೆ ಒಣಗಿಸುತ್ತಿದ್ದ ಕಡಿದ ಕೈಗಳನ್ನು ಎಣಿಸಿದರು. 81. ಅವರ ವರದಿ ಹೊರಗೆ ಬಂದಿದ್ದು ಆ ಆಳ್ವಿಕೆಯ ವಿರುದ್ಧ ದನಿ ಏಳುವುದಕ್ಕೆ ಒಂದು ಕಾರಣವಾಯಿತು. ಕೊಡಲಿ ಚಂದ ಇದೆ ಅಂತ ಇದನ್ನು ಮುಚ್ಚಿಡಬಾರದು.

ಮಲೆನಾಡಹುಡುಗಿ
ಓದಿ ಹೊಟ್ಟೆ ತೊಳಸಿತು. ಹಾಗಾದರೆ ಅಣ್ಣನ ದೊಡ್ಡಪ್ಪನ ಮಗ ಹೇಳಿದ್ದೇ ಸರಿ ಆಯಿತಲ್ಲ?

ಹಳೇಕಬ್ಬಿಣ
ಇಲ್ಲ. ಬ್ರಸೆಲ್ಸ್ ಮೇಡಂ ಹೇಳಿದ್ದು ನಿಜ, ಮರೆಯಬಾರದು. ಆದರೆ ಕೈ ಕಡಿಸಿದ ಲೆಕ್ಕ ಕೇಳಿದ್ದು ರಬ್ಬರ್ ಬೇಕಿದ್ದವರು, ಬಂದೂಕು ಕೊಟ್ಟಿದ್ದೂ ಅವರೇ. ಕೊಡಲಿಯ ಮೇಲಿನ ಮುಖಗಳಿಗೂ ಅದಕ್ಕೂ ಸಂಬಂಧ ಇಲ್ಲ. ಒಂದು ಜನರಲ್ಲಿ ಕಮ್ಮಾರನೂ ಇರುತ್ತಾನೆ, ದಂಡಿನವನೂ ಇರುತ್ತಾನೆ.

ಬ್ರಸೆಲ್ಸ್‌ಕನ್ನಡತಿ
ಕಮ್ಮಾರನನ್ನು ಬೈದಿಲ್ಲ ಸರ್. ಎರಡನ್ನೂ ಒಟ್ಟಿಗೆ ಹೇಳಬೇಕು ಅಂದೆ ಅಷ್ಟೇ.

ವಕೀಲರು_ಮೈಸೂರು
ಕಾನೂನಿನ ಎರಡು ಮಾತು. 1959ರ ಆಯುಧ ಕಾಯ್ದೆಯ ಲೆಕ್ಕದಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನ ಕತ್ತಿ, ಭರ್ಜಿ, ಯುದ್ಧದ ಕೊಡಲಿ ಆಯುಧದ ಪಟ್ಟಿಗೆ ಬರುತ್ತವೆ. ಅಡುಗೆ, ಬೇಸಾಯದ ಸಾಮಾನು ಬರುವುದಿಲ್ಲ. ಮನೆಯಲ್ಲಿ ಇಟ್ಟುಕೊಳ್ಳಲು ಪರವಾನಗಿ ಬೇಕೇ ಅನ್ನೋದು ಆ ಪ್ರದೇಶಕ್ಕೆ ಸರ್ಕಾರ ಅಧಿಸೂಚನೆ ಹೊರಡಿಸಿದೆಯೇ ಅನ್ನೋದರ ಮೇಲೆ ಇರುತ್ತೆ. ಹೊರದೇಶದಿಂದ ಹೊಸದಾಗಿ ತರಿಸುವುದು ಬೇರೆ ಮಾತು, ಕೇಳದೆ ತರಿಸಬೇಡಿ.

ಇನ್ನೊಂದು, ಆನೆದಂತ. ಮಂಗ್ಬೆಟು ಚಾಕುಗಳಿಗೆ ಎಷ್ಟೋ ಸಲ ದಂತದ ಹಿಡಿ ಇರುತ್ತೆ. ನಮ್ಮ ದೇಶದಲ್ಲಿ ಆಫ್ರಿಕಾದ ದಂತವನ್ನೂ ಕೊಳ್ಳುವ ಹಾಗಿಲ್ಲ, ಮಾರುವ ಹಾಗಿಲ್ಲ. "ಹಳೇದು, ಪರವಾಗಿಲ್ಲ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನನ್ನ ಹತ್ತಿರ ಬಂದ ಒಬ್ಬರು ಹಾಗೆ ನಂಬಿ ಕೊಂಡು ವರ್ಷಗಟ್ಟಲೆ ಅಲೆದರು.

ಬಾಣಂತಿಕೆರೆ
ನನ್ನ ಹತ್ತಿರ ಎಸೆಯುವ ಚಾಕು ಇದೆ, ನಾಲ್ಕು ಕಡೆ ಕೊಂಬೆ ತರ ಅಲಗು, ಮೈತುಂಬ ಅರಬ್ಬಿ ಅಕ್ಷರ. ಕತಾರ್‌ನಲ್ಲಿ ಕೊಂಡೆ. ಮಾರಿದವರು 400 ವರ್ಷ ಹಳೇದು ಅಂದರು. ಯಾರಾದರೂ ನೋಡುತ್ತೀರಾ?

ಹಳೇಕಬ್ಬಿಣ
ಅದು ಸುಡಾನಿನದ್ದು ಇರಬೇಕು, ಮಹ್ದಿ ಅನ್ನುವ ಧಾರ್ಮಿಕ ನಾಯಕ ಮತ್ತು ಅವನ ಅನುಯಾಯಿಗಳ ಕಾಲದ್ದು. ಅಂದರೆ 1881ರಿಂದ 1898ರ ಒಮ್ದುರ್ಮಾನ್ ಯುದ್ಧದವರೆಗಿನ ಅವಧಿ. 400 ವರ್ಷ ಅನ್ನೋದು ಸುಳ್ಳು. ಅಕ್ಷರಗಳನ್ನು ಕೆತ್ತಿರುವುದಿಲ್ಲ, ಆಸಿಡ್‌ನಲ್ಲಿ ಮೂಡಿಸಿರುತ್ತಾರೆ. ಓದಲು ಹೋದರೆ ಒಂದೇ ಸಾಲು ಮತ್ತೆ ಮತ್ತೆ ಬರುತ್ತೆ. ಎಸೆಯುವುದಕ್ಕೆ ಮಾಡಿದ್ದಲ್ಲ, ಹಿಡಿದು ಮೆರವಣಿಗೆ ಹೋಗುವುದಕ್ಕೆ. ನಿಜವಾಗಿ ಎಸೆಯುತ್ತಿದ್ದದ್ದು ಅಜಾಂಡೆ ಜನರ ಕ್ಪಿಂಗಾದಂಥವು. ಅದನ್ನು ಗುರಾಣಿಯ ಒಳಗಡೆ ಸಿಕ್ಕಿಸಿಕೊಂಡು ಹೋಗುತ್ತಿದ್ದರು. ಬೇರೆ ಥ್ರೆಡ್ ಶುರು ಮಾಡಿ, ಅಲ್ಲಿ ಮಾತಾಡೋಣ.

ಅಟ್ಟದಪೆಟ್ಟಿಗೆ
ಸ್ನೇಹಿತರೇ, ನಾಣ್ಯದ ಸರ್ ಹೇಳಿದ ಹಾಗೆ ಟ್ರಂಕ್ ಪೂರ್ತಿ ಬರಿದು ಮಾಡಿದೆ. ಕ್ರಾಸ್ ಸಿಗಲಿಲ್ಲ. ಆದರೆ ತಳದ ಕಾಗದದ ಕೆಳಗೆ ಒಂದು ಫೋಟೋ ಇತ್ತು. ವಿಮಾನದ ರೆಕ್ಕೆ ಕೆಳಗೆ ಅಜ್ಜ, ಪಕ್ಕದಲ್ಲಿ ಅಲ್ಲಿನ ಒಬ್ಬರು, ಅಜ್ಜನ ವಯಸ್ಸಿನವರೇ. ಇಬ್ಬರ ಕೈಯಲ್ಲೂ ಸ್ಪ್ಯಾನರ್. ಹಿಂದೆ ಅಜ್ಜನ ಕೈಬರಹದಲ್ಲಿ "ಲುಲುವಾಬುರ್, 61" ಅಂತ ಇದೆ. ಅದರ ಕೆಳಗೆ ಕನ್ನಡದಲ್ಲಿ ಒಂದೇ ಸಾಲು: "ಇವರ ತಂದೆ ಕಮ್ಮಾರರು."

ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ. ಲುಲುವಾಬುರ್ ಎಲ್ಲಿದೆ?

ಬ್ರಸೆಲ್ಸ್‌ಕನ್ನಡತಿ
ಈಗಿನ ಹೆಸರು ಕನಂಗಾ. ಕಸಾಯಿಯಲ್ಲೇ! ನ್ಸಾಪೊ ಜನ 1880ರ ದಶಕದಲ್ಲಿ ಬಂದು ನೆಲೆಸಿದ್ದು ಅದೇ ಊರಿನ ಸುತ್ತ.

ಹಳೇಕಬ್ಬಿಣ
ಭಾರತದ ಕ್ಯಾನ್‌ಬೆರಾ ಬಾಂಬರ್ ವಿಮಾನಗಳು 1961ರ ಕೊನೆಯಲ್ಲಿ ಲುಲುವಾಬುರ್‌ನಿಂದಲೂ ಹಾರಿದವು, ಆಮೇಲೆ ಕಟಂಗಾದ ಕಮಿನಾಗೆ ಹೋದವು. ಅಜ್ಜ ಅದರ ಜೊತೆ ಇದ್ದಿರಬೇಕು. ವಸ್ತು, ಊರು, ವರ್ಷ ಮೂರೂ ಕೂಡಿಬಂತು. ನನ್ನ ಇಷ್ಟು ವರ್ಷದ ಹುಚ್ಚಿನಲ್ಲಿ ಇಷ್ಟು ಚೊಕ್ಕ ನಂಟು ಕಂಡಿದ್ದು ಕಡಿಮೆ.

ಒಂದು ಎಚ್ಚರಿಕೆ ಮಾತ್ರ. ನ್ಸಾಪೊ ಕಮ್ಮಾರರು ಇಂಥ ಕೊಡಲಿಯನ್ನು ತಮ್ಮ ಮುಖ್ಯಸ್ಥರಿಗೂ ಮಾಡುತ್ತಿದ್ದರು, ಹೊರಗಿನವರಿಗೆ ಮಾರಲೂ ಮಾಡುತ್ತಿದ್ದರು. ಹಿಡಿಯ ಸವೆತ ನೋಡಿದರೆ ಇದು 1961ಕ್ಕಿಂತ ಮೊದಲೇ ಯಾರದ್ದೋ ಕೈಯಲ್ಲಿ ಇತ್ತು ಅಂತ ನನ್ನ ಅಂದಾಜು. ಫೋಟೋದಲ್ಲಿರುವವರ ತಂದೆಯೇ ಮಾಡಿದ್ದು ಅಂತ ಹೇಳಲು ಆ ಸಾಲು ಸಾಲದು.

ಯಲ್ಲಾಪುರದವ
ಆದರೂ ಅಜ್ಜ ಆ ಸಾಲನ್ನು ಸುಮ್ನೆ ಬರೆದಿರಲಿಕ್ಕಿಲ್ಲ ಅಲ್ವಾ.

ಮಲೆನಾಡಹುಡುಗಿ
ಆ ಫೋಟೋವನ್ನು ಕೊಡಲಿಯ ಜೊತೆಗೇ ಇಡಿ ಅಣ್ಣ, ಎರಡನ್ನೂ ಬೇರೆ ಮಾಡಬೇಡಿ.

ಹಳೇಕಬ್ಬಿಣ
ಈ ಮಾತು ಸರಿ. ಹಾಗೇ, ಇನ್ನು ಹುಣಸೆಹಣ್ಣು ಬೇಡ. ಹೊಳೆಯುವ ಅರ್ಧಕ್ಕೆ ಮೇಲೆ ಇನ್ನೇನೂ ಹಚ್ಚಬೇಡಿ, ನಿಧಾನಕ್ಕೆ ತಾನೇ ಕಂದಾಗುತ್ತೆ. ಕಬ್ಬಿಣಕ್ಕೆ ಬಟ್ಟೆಯಲ್ಲಿ ತೆಳುವಾಗಿ ಮೇಣ ಒರೆಸಿ. ಸಕಲೇಶಪುರದ ಮಳೆಗಾಲದಲ್ಲಿ ಟ್ರಂಕಿನ ಒಳಗೆ ಮಾತ್ರ ಇಡಬೇಡಿ, ಗಾಳಿ ಆಡುವ ಒಣ ಜಾಗ ಬೇಕು.

ಕುಲುಮೆಮನೆ
ನಾಲ್ಕು ದಿನದಿಂದ ಆ ಮುಖಗಳು ತಲೆಯಿಂದ ಹೋಗಲಿಲ್ಲ. ಇವತ್ತು ಮಚ್ಚು, ಗುದ್ದಲಿ ಕೆಲಸ ಬದಿಗಿಟ್ಟು ಒಂದು ಮುಖ ಮಾಡಲು ಕೂತೆ. ಬೆರಳು ದಪ್ಪದ ಕಂಬಿ ಕಾಯಿಸಿ, ಅಡಿಗಲ್ಲಿನ ಅಂಚಿನ ಮೇಲೆ ಇಟ್ಟು ಕುತ್ತಿಗೆ ಹಿಸುಕಿದೆ. ಮೂಗು ಎತ್ತಬೇಕು ಅಂದರೆ ಮೂಗನ್ನು ಮುಟ್ಟಬಾರದು, ಎರಡೂ ಕೆನ್ನೆಯನ್ನು ಉಳಿಯಿಂದ ಕೆಳಗೆ ತಳ್ಳಬೇಕು. ಮೊದಲನೆಯದು ಒಡೆಯಿತು. ಎರಡನೆಯದರಲ್ಲಿ ಮೂಗು ಬಂತು, ಬಾಯಿ ಹೋಯಿತು. ಅಷ್ಟು ಸಣ್ಣ ಜಾಗ ಕೆಂಪಗೆ ಇರುವುದು ನಾಲ್ಕೈದು ಏಟಿನ ಹೊತ್ತು ಮಾತ್ರ, ಆಮೇಲೆ ಮತ್ತೆ ಕುಲುಮೆಗೆ. ಮೂರನೆಯದು ಮುಖದ ಹಾಗೆ ಆಯಿತು. ಅದಕ್ಕೆ 14 ಸಲ ಕಾಯಿಸಿದೆ.

ಅವರು ಇದನ್ನು ಎರಡೂ ಬದಿಯಲ್ಲಿ ಮಾಡಿದ್ದಾರೆ. ಹಿಂದಿನ ಮುಖ ಮಾಡುವಾಗ ಮುಂದಿನದು ಅಡಿಗಲ್ಲಿಗೆ ಒತ್ತಿ ಚಪ್ಪಟೆ ಆಗಬೇಕಿತ್ತು. ಆಗಿಲ್ಲ. ಕೆಳಗೆ ಗುಳಿ ಇರುವ ಅಚ್ಚೇನಾದರೂ ಇಟ್ಟಿರಬೇಕು. ಎಡಗಡೆ ಆ ಸೊಟ್ಟ ಮುಖ ಇದೆಯಲ್ಲ, ಅದು ಅಚ್ಚಿನಿಂದ ಜಾರಿದ ಗುರುತು ಅನ್ನಿಸುತ್ತೆ. ಫೋಟೋದಲ್ಲಿ ಖಚಿತ ಆಗುತ್ತಿಲ್ಲ, ಕೈಯಲ್ಲಿ ಹಿಡಿದು ನೋಡಬೇಕು. ನಾನು ಮಾಡಿದ ಮುಖದ ಫೋಟೋ ಹಾಕಿದ್ದೇನೆ.

ಯಲ್ಲಾಪುರದವ
ಅಣ್ಣ, ಆ ಮೂರನೇ ಮುಖ ತುಂಬ ಚೆನ್ನಾಗಿ ಬಂದಿದೆ. ಹುಬ್ಬು ಸ್ವಲ್ಪ ನಿಮ್ಮ ಕಡೆಯವರ ಹಾಗಿದೆ.

ಅಟ್ಟದಪೆಟ್ಟಿಗೆ
ಕುಲುಮೆಮನೆ ಅಣ್ಣ, ಬರುವ ಭಾನುವಾರ ಸಾಲೆ ತೆರೆದಿರುತ್ತಾ? ಕೊಡಲಿಯನ್ನೂ ಫೋಟೋವನ್ನೂ ತರುತ್ತೇನೆ. ಅಮ್ಮನೂ ಬರುತ್ತಾರಂತೆ. ಆ ಸೊಟ್ಟ ಮುಖ ಹೇಗೆ ಜಾರಿತು ಅಂತ ಅವರಿಗೂ ನೋಡಬೇಕಂತೆ.

ಕುಲುಮೆಮನೆ
ಬನ್ನಿ. ಹತ್ತು ಗಂಟೆ ಒಳಗೆ ಬನ್ನಿ, ಬಿಸಿಲು ಓರೆ ಇರುವಾಗ ಗುರುತು ಚೆನ್ನಾಗಿ ಕಾಣುತ್ತೆ. ಊಟ ನಮ್ಮ ಮನೆಯಲ್ಲೇ.